ರೊಟ್ಟಿಯ ಮಗ್ಗುಲಿಗೆ ಏನೈತಿ?

ವಿಜಯಪುರ, ಬಾಗಲಕೋಟೆ ಕಡೆಯ ಯಾವ ಮದುವೆಯ ಪಂಕ್ತಿಯಲ್ಲಿ ಕೂತರೂ ಈಗ ಒಂದು ಮಾತು ಕಿವಿಗೆ ಬೀಳುತ್ತದೆ. ಬಡಿಸುವ ಹುಡುಗ ಅನ್ನದ ಬುಟ್ಟಿ ಹಿಡಿದು ಬಂದಾಗ ಐವತ್ತು ದಾಟಿದವರು ತಾಟಿನ ಮೇಲೆ ಕೈ ಅಡ್ಡ ಇಡುತ್ತಾರೆ. "ಬ್ಯಾಡಪಾ, ಶುಗರ್ ಐತಿ, ಅನ್ನ ಬಿಟ್ಟೀನಿ. ರೊಟ್ಟಿ ಇದ್ರ ಇನ್ನೆರಡ ಹಾಕು." ಪಕ್ಕದಲ್ಲಿ ಕೂತವರು ಅದಕ್ಕೆ ಗೋಣು ಹಾಕುತ್ತಾರೆ, ಡಾಕ್ಟರ್ ಹೇಳಿದ್ದನ್ನ ಪಾಲಿಸುವ ಮನುಷ್ಯ ಅಂತ. ಬಿಟ್ಟ ಅನ್ನದ ಲೆಕ್ಕ ನೋಡೋಣ. ಒಂದು ಹೊತ್ತಿನ ಅನ್ನಕ್ಕೆ 75 ಗ್ರಾಂ ಅಕ್ಕಿ ಹಿಡಿದರೆ ಅದರಲ್ಲಿ ಪಿಷ್ಟ ಸುಮಾರು 59 ಗ್ರಾಂ. ಅದರ ಬದಲಿಗೆ ಹಾಕಿಸಿಕೊಂಡ ಎರಡು ರೊಟ್ಟಿಗೆ 100 ಗ್ರಾಂ ಜೋಳದ ಹಿಟ್ಟು ಹೋಗಿರುತ್ತದೆ, ಅದರಲ್ಲಿ ಪಿಷ್ಟ 68 ಗ್ರಾಂ. ರೊಟ್ಟಿಯಲ್ಲಿ ನಾರು ಹೆಚ್ಚು, ಅನ್ನದ 2 ಗ್ರಾಮಿಗೆ ಎದುರಾಗಿ 10 ಗ್ರಾಂ. ಪ್ರೋಟೀನೂ 4 ಗ್ರಾಂ ಹೆಚ್ಚು. ಆದರೆ ರಕ್ತಕ್ಕೆ ಸೇರುವ ಸಕ್ಕರೆಯ ಲೆಕ್ಕದಲ್ಲಿ ಆ ಮನುಷ್ಯ ಉಳಿಸಿದ್ದು ಏನೂ ಇಲ್ಲ, ಒಂಬತ್ತು ಗ್ರಾಂ ಕೂಡಿಸಿಕೊಂಡ.

ನಮ್ಮ ಭಾಗದಲ್ಲಿ ಊಟದ ಬಗ್ಗೆ ನಡೆಯುವ ಮಾತೆಲ್ಲ ಇದೇ ಕಡೆಗೆ ಹರಿಯುತ್ತಿದೆ. ಅಕ್ಕಿಯೋ ಜೋಳವೋ, ಗೋಧಿಯೋ ಸಜ್ಜೆಯೋ, ಈಗೀಗ ನವಣೆಯೋ ಸಾವೆಯೋ. ಕಾಳುಕಡಿಗಳಲ್ಲಿ ಯಾವುದು ದೊಡ್ಡದು ಅನ್ನುವ ಈ ವಾದದಲ್ಲಿ ಎಲ್ಲರಿಗೂ ಒಂದು ಪಕ್ಷ ಉಂಟು. ಆದರೆ ಇವೆಲ್ಲವೂ ಒಂದೇ ಜಾತಿಯ ಆಹಾರ: 100 ಗ್ರಾಮಿಗೆ 60ರಿಂದ 78 ಗ್ರಾಂ ಪಿಷ್ಟ, 8ರಿಂದ 12 ಗ್ರಾಂ ಪ್ರೋಟೀನ್, 320–360 ಕ್ಯಾಲರಿ. ಒಂದರಿಂದ ಇನ್ನೊಂದಕ್ಕೆ ಜಿಗಿದರೆ ಆಗುವ ಬದಲಾವಣೆ ಸಣ್ಣದು. ತಾಟಿನಲ್ಲಿ ರೊಟ್ಟಿಯ ಮಗ್ಗುಲಿಗಿರುವ ವಾಟಗದಲ್ಲಿ (ಬಟ್ಟಲಲ್ಲಿ) ಏನಿದೆ, ಎಷ್ಟು ಗಟ್ಟಿ ಇದೆ ಅನ್ನುವುದರಿಂದ ಆಗುವ ಬದಲಾವಣೆ ದೊಡ್ಡದು. ಅದರ ಬಗ್ಗೆ ಮಾತಾಡುವವರು ಕಡಿಮೆ.

ಖಾನಾವಳಿಯ ತಾಟು

ಊಟ ಅಂದರೆ ಹೇಗಿರಬೇಕು ಅಂತ ಯಾರಾದರೂ ಕೇಳಿದರೆ ನಮ್ಮ ಖಾನಾವಳಿಯ ತಾಟನ್ನೇ ತೋರಿಸಬಹುದು. ಹೊಟ್ಟೆಗೆ ಹಿತವಾದ ಅಳತೆಯಲ್ಲಿ ಉಂಡರೆ ಅದರಲ್ಲಿ ಇರುವುದು ಇಷ್ಟು: ಎರಡು ರೊಟ್ಟಿ, ಒಂದು ವಾಟಗ ಎಣ್ಣೆಗಾಯಿ, ಒಂದು ಸಣ್ಣ ವಾಟಗ ಮಡಿಕೆ ಕಾಳಿನ ಇಲ್ಲವೆ ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಅದರ ಮೇಲೆ ಒಂದು ಸೌಟು ಮೊಸರು, ಹಸಿ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯೆ ಸೊಪ್ಪು ಅಥವಾ ಹಕ್ಕರಕಿ, ಕೊನೆಗೆ ಒಂದಿಷ್ಟು ಅನ್ನ, ಸಾರು. ಬಿಡಿಸಿ ತೂಗಿದರೆ ಜೋಳದ ಹಿಟ್ಟು 100 ಗ್ರಾಂ, ಅಕ್ಕಿ 75 ಗ್ರಾಂ, ಪಲ್ಯದ ಒಣಕಾಳು 25 ಗ್ರಾಂ, ಸಾರಿನ ಬೇಳೆ 15 ಗ್ರಾಂ, ಎಣ್ಣೆಗಾಯಿಯಲ್ಲಿ 15 ಗ್ರಾಂ ಎಣ್ಣೆ ಮತ್ತು 15 ಗ್ರಾಂ ಶೇಂಗಾ ಪುಡಿ, ಚಟ್ನಿ 15 ಗ್ರಾಂ, ಪಲ್ಯ-ಸಾರಿನ ಒಗ್ಗರಣೆಗೆ 8 ಗ್ರಾಂ ಎಣ್ಣೆ. ಒಟ್ಟು 1,150 ಕ್ಯಾಲರಿಯ ಆಸುಪಾಸು. ಪ್ರೋಟೀನ್ 33–34 ಗ್ರಾಂ, ಕೊಬ್ಬು 40 ಗ್ರಾಂ. ಒಂದು ಗ್ರಾಂ ಪಿಷ್ಟಕ್ಕೂ ಪ್ರೋಟೀನಿಗೂ 4 ಕ್ಯಾಲರಿ, ಕೊಬ್ಬಿಗೆ 9 ಅಂತ ಹಿಡಿದರೆ ಪ್ರೋಟೀನಿನಿಂದ ಬಂದ ಶಕ್ತಿ ನೂರಕ್ಕೆ 12, ಕೊಬ್ಬಿನಿಂದ 31, ಉಳಿದದ್ದು ಪಿಷ್ಟದಿಂದ. ಹೊಲದಲ್ಲಿ, ಗಾರೆ ಕೆಲಸದಲ್ಲಿ, ಹಮಾಲಿಯಲ್ಲಿ ದುಡಿಯುವ ಮನುಷ್ಯನ ಮಧ್ಯಾಹ್ನದ ಊಟವಾಗಿ ಇದು ಚೊಕ್ಕ ಇದೆ. ಅಂಗಡಿಯ ಗಲ್ಲಾದ ಮುಂದೆ ಕೂಡುವವನಿಗೆ ಅನ್ನ ತೆಗೆದು, ಎಣ್ಣೆಗಾಯಿಯ ಮೇಲೆ ತೇಲುವ ಎಣ್ಣೆಯನ್ನು ವಾಟಗದಲ್ಲೇ ಬಿಟ್ಟರೆ ಸಾಕು.

ಈ ತಾಟಿನಲ್ಲಿ ಕಾಳಿನ ಪಲ್ಯ, ಚಟ್ನಿ, ಮೊಸರು, ಬೇಳೆ ನಾಲ್ಕೂ ಸೇರಿ ಪ್ರೋಟೀನಿನಲ್ಲಿ ನೂರಕ್ಕೆ ಸುಮಾರು 40 ಭಾಗ ಕೊಡುತ್ತವೆ. ನಾಲ್ಕರಲ್ಲಿ ಯಾವುದೂ ಒಂದೇ ದೊಡ್ಡದಲ್ಲ, ಕೂಡಿದಾಗ ದೊಡ್ಡದು. ಮನೆಯಲ್ಲಿ ಇದೇ ಊಟ ಮಾಡುವಾಗ ಮೊದಲು ಕೈಬಿಡುವುದು ಇವನ್ನೇ. ಕಾಳು ಹಿಂದಿನ ರಾತ್ರಿ ನೆನೆ ಇಡಬೇಕು, ಮರೆತುಹೋಗುತ್ತದೆ. ಮೊಸರು ಮಕ್ಕಳಿಗೆ, ಗಂಡಸರಿಗೆ ಬಡಿಸಿ ಉಳಿದರೆ ಉಂಟು. ಬೇಳೆಯ ರೇಟು ಏರಿದ ತಿಂಗಳು ಸಾರು ತೆಳ್ಳಗಾಗುತ್ತದೆ. ರೊಟ್ಟಿ ಮಾತ್ರ ಕಡಿಮೆಯಾಗುವುದಿಲ್ಲ.

ಹಾಗಾದಾಗ ದಿನದ ಲೆಕ್ಕ ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನುವುದಕ್ಕೆ 55 ಕೆಜಿ ತೂಕದ ಹೆಣ್ಣುಮಗಳೊಬ್ಬಳ ಸಾದಾ ದಿನ ಹಿಡಿಯೋಣ. ಮುಂಜಾನೆ ಒಂದು ತಾಟು ಸುಸಲಾ (ಚುರುಮುರಿ 40 ಗ್ರಾಂ), ಪ್ರೋಟೀನ್ 3 ಗ್ರಾಂ. ಇಡೀ ದಿನದ ಚಾಕ್ಕೆ ಹಾಲು 100 ಮಿಲಿ, 3 ಗ್ರಾಂ. ಮಧ್ಯಾಹ್ನ ಮೂರು, ರಾತ್ರಿ ಒಂದು ರೊಟ್ಟಿ, 20 ಗ್ರಾಂ. ರಾತ್ರಿ ಅನ್ನ 75 ಗ್ರಾಂ ಅಕ್ಕಿಯದು, 6 ಗ್ರಾಂ. ತೆಳು ಸಾರಿನ ಬೇಳೆ 15 ಗ್ರಾಂ, 3 ಗ್ರಾಂ. ಶೇಂಗಾ ಚಟ್ನಿ 20 ಗ್ರಾಂ, ನಾಲ್ಕೂವರೆ. ಕೂಡಿದರೆ 40ಕ್ಕೆ ಅರ್ಧ ಗ್ರಾಂ ಕಡಿಮೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2020ರಲ್ಲಿ ಕೊಟ್ಟ ಶಿಫಾರಸು ಕೆಜಿ ತೂಕಕ್ಕೆ 0.83 ಗ್ರಾಂ, ಅಂದರೆ ಇವಳಿಗೆ 46. ಅದೂ ಪ್ರೋಟೀನ್ ಒಳ್ಳೆ ಗುಣಮಟ್ಟದ್ದಿದ್ದರೆ. ಧಾನ್ಯವೇ ಮುಖ್ಯವಾದ ಊಟಕ್ಕೆ ಕೆಜಿಗೆ 1 ಗ್ರಾಂ ಬೇಕು ಅಂತ ಅದೇ ಶಿಫಾರಸು ಹೇಳುತ್ತದೆ. ಹಾಗೆ ನೋಡಿದರೆ 55ಕ್ಕೆ 15 ಕಡಿಮೆ. ಹೊಟ್ಟೆ ತುಂಬಿದೆ, ಹಸಿವೆ ಇಲ್ಲ, ಆದರೂ ಕೊರತೆ ಹಾಗೇ ಉಳಿದಿದೆ. ಬಸುರಿಗೆ, ಹಾಲೂಡಿಸುವ ತಾಯಿಗೆ ಈ ಅಂತರ ಇನ್ನೂ ದೊಡ್ಡದು.

ತುಂಬುವ ದಾರಿ ಕಷ್ಟದ್ದೇನೂ ಅಲ್ಲ. 40 ಗ್ರಾಂ ಒಣ ಮಡಿಕೆ ಕಾಳು (ಒಂದು ಮುಷ್ಟಿಗೆ ಕೊಂಚ ಕಡಿಮೆ) 8 ಗ್ರಾಂ ಕೊಡುತ್ತದೆ. ಒಂದು ದೊಡ್ಡ ವಾಟಗ, 200 ಗ್ರಾಂ ಮೊಸರು 6 ಗ್ರಾಂ. ಎರಡೂ ಸೇರಿದರೆ 54ರ ಹತ್ತಿರ ಬಂದೆವು. ಹೊಲಕ್ಕೆ ಹೋಗುವವಳಿದ್ದರೆ ರೊಟ್ಟಿ ಕಡಿಮೆ ಮಾಡುವ ಅವಶ್ಯಕತೆಯೇ ಇಲ್ಲ.

ಜೋಳಕ್ಕೆ ಜೋಡಿ ಬೇಕು

ಜೋಳದ ಮೇಲೆ ನಮಗಿರುವ ಪ್ರೀತಿ ಸುಮ್ಮನೆ ಬಂದದ್ದಲ್ಲ. ಎರೆಮಣ್ಣಿನ ಹಸಿಯಲ್ಲೇ ಹಿಂಗಾರಿಗೆ ಬೆಳೆಯುವ ಮಾಲದಂಡಿ ಬಿಳಿಜೋಳಕ್ಕೆ ಸಮನಾದ ರುಚಿಯ ರೊಟ್ಟಿ ಇನ್ನೊಂದರಿಂದ ಆಗುವುದಿಲ್ಲ. ಆದರೆ ಅದರ ಪ್ರೋಟೀನಿನಲ್ಲಿ ಒಂದು ಕೊರತೆ ಇದೆ, ಅದನ್ನು ಬಾಯಿಬಿಟ್ಟು ಹೇಳಬೇಕು. ಪ್ರೋಟೀನ್ ಕಟ್ಟುವ ಅಮೈನೋ ಆಮ್ಲಗಳಲ್ಲಿ ಒಂಬತ್ತನ್ನು ದೇಹ ತಾನೇ ತಯಾರಿಸಿಕೊಳ್ಳಲಾರದು, ಊಟದಿಂದಲೇ ಬರಬೇಕು. ಜೋಡೆತ್ತಿನ ಗಾಡಿ ಸೋತ ಎತ್ತಿನ ವೇಗಕ್ಕೇ ಹೋಗುವ ಹಾಗೆ, ಒಂಬತ್ತರಲ್ಲಿ ಯಾವುದು ತೀರ ಕಡಿಮೆಯೋ ಅದರ ಅಳತೆಗೆ ತಕ್ಕಷ್ಟೇ ಉಳಿದವೂ ಕೆಲಸಕ್ಕೆ ಬರುತ್ತವೆ. ಜೋಳದಲ್ಲಿ ಸೋತ ಎತ್ತು ಲೈಸೀನ್. ವಯಸ್ಕರಿಗೆ 1 ಗ್ರಾಂ ಪ್ರೋಟೀನಿನಲ್ಲಿ 45 ಮಿಗ್ರಾಂ ಲೈಸೀನ್ ಇರಬೇಕು ಅಂತ ಲೆಕ್ಕ. ಜೋಳದಲ್ಲಿ ಇರುವುದು ಅದರ ಅರ್ಧದಷ್ಟು. ತೊಗರಿ, ಮಡಿಕೆ, ಹೆಸರು, ಕಡಲೆಗಳಲ್ಲಿ 65ರ ಆಸುಪಾಸು. ಬೇಳೆಕಾಳಿನಲ್ಲಿ ಕಡಿಮೆ ಇರುವುದು ಮೆಥಿಯೋನಿನ್, ಅದು ಜೋಳದಲ್ಲಿ ತಕ್ಕಮಟ್ಟಿಗೆ ಇದೆ.

150 ಗ್ರಾಂ ಜೋಳದ ಹಿಟ್ಟಿನ ರೊಟ್ಟಿಗೆ 50 ಗ್ರಾಂ ಬೇಳೆಕಾಳು ಕೂಡಿಸಿದರೆ ಪ್ರೋಟೀನ್ 25 ಗ್ರಾಂ, ಲೈಸೀನ್ ಹೆಚ್ಚುಕಡಿಮೆ 1,000 ಮಿಗ್ರಾಂ. ಗ್ರಾಮಿಗೆ 40 ಬಂತು, ಗುರಿಗೆ ತೀರ ಹತ್ತಿರ. ಮೇಲೊಂದು ಸೌಟು ಮೊಸರು ಬಿದ್ದರೆ ಇನ್ನೂ ಹತ್ತಿರ ಬರುತ್ತದೆ. ಮೂರು ಪಾಲು ಧಾನ್ಯಕ್ಕೆ ಒಂದು ಪಾಲು ಬೇಳೆ, ಎರಡೂ ಬೇಯಿಸುವ ಮುಂಚಿನ ಒಣ ತೂಕದಲ್ಲಿ: ನೆನಪಿಡಬೇಕಾದ ಅಳತೆ ಇದೊಂದೇ. 150 ಗ್ರಾಂ ಜೋಳಕ್ಕೆ 15 ಗ್ರಾಂ ಬೇಳೆಯ ಸಾರು ಅಂದರೆ ಹತ್ತಕ್ಕೆ ಒಂದು. ಅಲ್ಲಿ ಲೈಸೀನ್ ಗ್ರಾಮಿಗೆ 30 ದಾಟುವುದಿಲ್ಲ. ಇವು ಒಂದೇ ತುತ್ತಿನಲ್ಲಿ ಕೂಡಬೇಕು ಅಂತಿಲ್ಲ, ಅದೇ ದಿನದ ಬೇರೆ ಹೊತ್ತಿನ ಊಟದಲ್ಲಿ ಬಂದರೂ ನಡೆಯುತ್ತದೆ.

ಜೋಳವೊಂದನ್ನೇ ನೆಚ್ಚಿಕೊಂಡವರಿಗೆ ಏನಾಗುತ್ತಿತ್ತು ಅನ್ನುವುದು ದಖ್ಖನ್ನಿನ ವೈದ್ಯಕೀಯ ಇತಿಹಾಸದಲ್ಲಿ ದಾಖಲಾಗಿದೆ. ಬಿಸಿಲು ಬೀಳುವ ಕೈ, ಕಾಲು, ಕತ್ತಿನ ಚರ್ಮ ಕಪ್ಪಾಗಿ ಸುಲಿಯುವ, ಭೇದಿ ಮತ್ತು ಮನೋವಿಕಾರ ತರುವ ಪೆಲಾಗ್ರಾ ಕಾಯಿಲೆ ಜೋಳ ತಿನ್ನುವ ಬಡವರಲ್ಲಿ ಕಾಣುತ್ತಿತ್ತು. ಅದು ಬಿ ಗುಂಪಿನ ನಯಾಸಿನ್ ಎಂಬ ಜೀವಸತ್ವದ ಕೊರತೆಯ ರೋಗ. ಜೋಳದಲ್ಲಿ ಲ್ಯೂಸಿನ್ ಎಂಬ ಅಮೈನೋ ಆಮ್ಲ ವಿಪರೀತ ಇರುವುದಕ್ಕೂ ಇದಕ್ಕೂ ಸಂಬಂಧ ಇದೆ ಎಂದು ಪೋಷಣಾ ವಿಜ್ಞಾನಿಗಳಾದ ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಿಯ 1960ರಲ್ಲಿ ಬರೆದರು. ಬೇಳೆ, ಹಾಲು, ಶೇಂಗಾ ಕೂಡಿದ ಊಟದಲ್ಲಿ ಆ ರೋಗಕ್ಕೆ ಜಾಗವಿಲ್ಲ. ಜೋಳ ಕೆಟ್ಟದ್ದು ಅಂತ ಇದರ ಅರ್ಥವಲ್ಲ. ಜೋಳದ ಜೊತೆಗಿನ ವಾಟಗ ಖಾಲಿ ಇರಬಾರದು ಅಂತ ಅಷ್ಟೇ.

ಇಲ್ಲಿ ಶೇಂಗಾದ ಬಗ್ಗೆ ಒಂದು ಮಾತು. ಶೇಂಗಾದಲ್ಲಿ 100 ಗ್ರಾಮಿಗೆ 24 ಗ್ರಾಂ ಪ್ರೋಟೀನ್ ಇದೆ, ತೊಗರಿಬೇಳೆಗಿಂತ ಹೆಚ್ಚು. ಹಾಗಾಗಿ "ಚಟ್ನಿ ತಿಂತೀವಲ್ಲ, ಬ್ಯಾಳಿ ಯಾಕ ಬೇಕು" ಅನ್ನುವವರಿದ್ದಾರೆ. ಆದರೆ ಶೇಂಗಾದ ಪ್ರೋಟೀನಿನಲ್ಲೂ ಲೈಸೀನ್ ಕಡಿಮೆ, ಜೋಳದ ಕೊರತೆಯನ್ನು ಅದು ತುಂಬಲಾರದು. ಜೊತೆಗೆ 100 ಗ್ರಾಮಿಗೆ 40 ಗ್ರಾಂ ಕೊಬ್ಬು ಬರುತ್ತದೆ. 8 ಗ್ರಾಂ ಪ್ರೋಟೀನಿಗಾಗಿ ಮಡಿಕೆ ತಿಂದರೆ ಸುಮಾರು 120 ಕ್ಯಾಲರಿ, ಶೇಂಗಾ ತಿಂದರೆ 175. ಚಟ್ನಿ ರುಚಿಗೆ, ಕೊಬ್ಬಿಗೆ ಇರಲಿ. ಬೇಳೆಯ ಜಾಗ ಬೇಳೆಗೇ ಇರಲಿ.

ಅಳತೆ ತಪ್ಪುವ ಜಾಗಗಳು

ಕಾಳು ತಿನ್ನುತ್ತೇವೆ ಎನ್ನುವ ಮನೆಗಳಲ್ಲೂ ಪ್ರೋಟೀನ್ ಕಡಿಮೆ ಬೀಳುವುದಕ್ಕೆ ಕಾರಣ ನೀರು. ಒಣ ಮಡಿಕೆ 100 ಗ್ರಾಂ ನೆನೆದು ಮೊಳಕೆ ಒಡೆದರೆ ತೂಕ ದುಪ್ಪಟ್ಟು ದಾಟುತ್ತದೆ. ಹೆಚ್ಚಾದದ್ದೆಲ್ಲ ನೀರು. ಮೊಳಕೆಯಿಂದ ಪ್ರೋಟೀನ್ ಹೆಚ್ಚುತ್ತದೆ ಅನ್ನುವುದು ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದ ನಂಬಿಕೆ. ಹೆಚ್ಚುವುದು ಸಿ ಜೀವಸತ್ವ. ಕಬ್ಬಿಣ, ಸತುವನ್ನು ಹಿಡಿದಿಡುವ ಫೈಟೇಟ್ ತಗ್ಗುತ್ತದೆ, ಹೊಟ್ಟೆಯುಬ್ಬರ ತರುವ ಸಕ್ಕರೆಗಳು ತಗ್ಗುತ್ತವೆ. ಇವೆಲ್ಲ ಒಳ್ಳೆಯವೇ. ಆದರೆ ಒಂದು ವಾಟಗ ಮೊಳಕೆ ಕಾಳಿನಲ್ಲಿ ಎಷ್ಟು ಪ್ರೋಟೀನ್ ಅಂತ ಕೇಳಿದರೆ ಒಣಗಿದ್ದಾಗ ಅದು ಎಷ್ಟಿತ್ತು ಅಂತಲೇ ಕೇಳಬೇಕು. ಸಾರಿಗೂ ಇದೇ ಮಾತು. ನಾಲ್ಕು ಮಂದಿಯ ಸಾರಿಗೆ ಒಂದು ಹಿಡಿ ಬೇಳೆ (ಸುಮಾರು 60 ಗ್ರಾಂ) ಹಾಕಿದರೆ ತಲೆಗೆ 3 ಗ್ರಾಂ ಪ್ರೋಟೀನ್ ಬಂತು. ಗಟ್ಟಿ ಬೇಳೆ ಮಾಡಿ ತಲೆಗೆ 35 ಗ್ರಾಂ ಹಾಕಿದರೆ ಏಳೂವರೆ.

ಹೋಳಿಗೆಯ ದಿನದ ಅಡುಗೆಮನೆಯಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ನಡೆಯುತ್ತದೆ. ದೊಡ್ಡ ಪಾತ್ರೆಯಲ್ಲಿ ಕಡಲೆಬೇಳೆ ಬೆಂದಿರುತ್ತದೆ, ಬೆರಳಲ್ಲಿ ಒತ್ತಿದರೆ ಹಿಸುಕಿಹೋಗುವಷ್ಟು ಬೆಂದು, ಕರಗದ ಹಾಗೆ. ಅದನ್ನು ಬುಟ್ಟಿಗೆ ಬಸಿದು ಕಟ್ಟು ತೆಗೆಯುತ್ತಾರೆ. ಕಟ್ಟು ತಿಳಿಹಳದಿ, ತುಸು ಜಿಗುಟು. ಬೇಳೆಗೆ ಬೆಲ್ಲ ಹಾಕಿ ಕುದಿಸಿ, ರುಬ್ಬಿ ಹೂರಣ. ಕಟ್ಟಿಗೆ ಹುಣಸೆಹುಳಿ, ಮಸಾಲೆಪುಡಿ, ಒಣಕೊಬ್ಬರಿ ಬಿದ್ದು ಒಗ್ಗರಣೆಯಾದರೆ ಕಟ್ಟಿನ ಸಾರು. ಅದರ ಘಮಕ್ಕೆ ಊರೇ ಹಸಿಯುತ್ತದೆ. ಬೇಳೆಯ ಪ್ರೋಟೀನ್ ಬಹುಪಾಲು ಹೂರಣದಲ್ಲಿ ಉಳಿಯಿತು, ಬೆಲ್ಲದ ಜೊತೆಗೆ. ಕಟ್ಟಿಗೆ ಬಂದದ್ದು ನೀರಿನಲ್ಲಿ ಕರಗುವ ಬಿ ಜೀವಸತ್ವ, ಸ್ವಲ್ಪ ಪಿಷ್ಟ, ಕೊಂಚವೇ ಪ್ರೋಟೀನ್. ಶುಗರ್ ಇದೆ ಅಂತ ಹೋಳಿಗೆ ಮುಟ್ಟದೆ ಅನ್ನ, ಕಟ್ಟಿನ ಸಾರು, ಹಪ್ಪಳ ಉಂಡು ಎದ್ದ ಅಜ್ಜಿಯ ತಾಟಿನಲ್ಲಿ ಆ ದಿನ ಇದ್ದದ್ದು ಪಿಷ್ಟ ಮತ್ತು ಎಣ್ಣೆ. ಬೇಳೆಗೆ ಬೆಲ್ಲ ಹಾಕುವ ಮುಂಚೆ ಎರಡು ಸೌಟು ಬೆಂದ ಬೇಳೆ ಎತ್ತಿಟ್ಟು, ಉಳ್ಳಾಗಡ್ಡಿ-ಬೆಳ್ಳುಳ್ಳಿ ಒಗ್ಗರಣೆ ಹಾಕಿ ಅವಳಿಗೆ ಪಲ್ಯ ಮಾಡಿಕೊಟ್ಟರೆ ಕೆಲಸ ಹೆಚ್ಚೇನೂ ಆಗುವುದಿಲ್ಲ.

ಇನ್ನೊಂದು ತಪ್ಪು ತೂಕ ಖಡಕ್ ರೊಟ್ಟಿಯದು. ಕೈಗೆ ಹಗುರ, ಬಾಯಲ್ಲಿ ಕರುಂಕುರುಂ, ಹಾಗಾಗಿ ಹೊಟ್ಟೆಗೂ ಹಗುರ ಅಂತ ಲೆಕ್ಕ. ಬಿಸಿ ರೊಟ್ಟಿಗೆ 50 ಗ್ರಾಂ ಹಿಟ್ಟಿದ್ದರೆ ಅದು ತವೆಯಿಂದ ಇಳಿದಾಗ 80 ಗ್ರಾಂ ತೂಗುತ್ತದೆ, ಉಳಿದ 30 ನೀರು. ಖಡಕ್ ರೊಟ್ಟಿಯಲ್ಲಿ ಆ ನೀರು ಹಾರಿಹೋಗಿದೆ, ತೂಗಿದ್ದೆಲ್ಲ ಹಿಟ್ಟೇ. ತೆಳ್ಳಗೆ ಬಡಿದ ಒಂದಕ್ಕೆ 30–40 ಗ್ರಾಂ ಹಿಟ್ಟು ಹೋಗುತ್ತದೆ. ಮಾತಾಡುತ್ತ ಕೂತಲ್ಲಿ ನಾಲ್ಕು ಮುರಿದು ತಿಂದರೆ ಮೂರು ಬಿಸಿ ರೊಟ್ಟಿ ಉಂಡಷ್ಟಾಯಿತು.

ಬೇಳೆ ಬೇಯುವುದಿಲ್ಲ ಅನ್ನುವವರಿಗೆ

"ಯಕ್ಕಾ, ನಮ್ಮ ಬೋರಿನ ನೀರಾಗ ಬ್ಯಾಳಿ ಬೇಯೂದ ಇಲ್ಲ" ಎನ್ನುವುದು ವಿಜಯಪುರ ಜಿಲ್ಲೆಯ ಹಳ್ಳಿಗಳಲ್ಲಿ ದಿನಾ ಕೇಳುವ ದೂರು, ಅದು ನಿಜವೂ ಹೌದು. ಗಡಸು ನೀರಿನ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಾಳಿನ ಜೀವಕೋಶಗಳನ್ನು ಬೆಸೆದಿರುವ ಪೆಕ್ಟಿನ್ ಜೊತೆ ಕೂಡಿ ಅದನ್ನು ಗಟ್ಟಿ ಮಾಡುತ್ತವೆ. ಎಷ್ಟು ಸೀಟಿ ಹೊಡೆಸಿದರೂ ನಡುವಿನ ಗಟ್ಟಿ ಹೋಗುವುದಿಲ್ಲ. ಕಾಳು ಹಳೆಯದಾದರೂ ಹೀಗೇ, ಬಿಸಿಲಲ್ಲಿ ಎರಡು ಬೇಸಿಗೆ ಕಳೆದ ಕಾಳು ನೆನೆದರೂ ಮೆದುವಾಗದು. ಮನೆಯಲ್ಲಿ ಬೇಳೆ ಕಡಿಮೆಯಾಗಲು ಗ್ಯಾಸಿನ ಖರ್ಚು ಒಂದು ದೊಡ್ಡ ಕಾರಣ ಅಂತ ನನಗನಿಸುತ್ತದೆ, ಆಹಾರ ತಜ್ಞರು ಇದನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ.

ಮಾಡಬೇಕಾದದ್ದು ಇಷ್ಟು. ನೀರನ್ನು ಹತ್ತು ನಿಮಿಷ ಚೆನ್ನಾಗಿ ಕುದಿಸಿ ಆರಲು ಬಿಡಿ. ತಳದಲ್ಲಿ ಬಿಳಿ ಗಸಿ ಕೂಡುತ್ತದೆ, ಮೇಲಿನ ತಿಳಿ ಮಾತ್ರ ಬಗ್ಗಿಸಿಕೊಳ್ಳಿ. ಗಡಸುತನದ ಒಂದು ಭಾಗ ಗಸಿಯಲ್ಲಿ ಹೋಯಿತು. ಮಳೆನೀರು ಹಿಡಿದಿಟ್ಟಿದ್ದರೆ, ಫಿಲ್ಟರ್ ನೀರು ಸಿಗುತ್ತಿದ್ದರೆ ನೆನೆಸಲು ಬೇಯಿಸಲು ಅದನ್ನೇ ಬಳಸುವುದು ಇನ್ನೂ ಉತ್ತಮ. ಇಡೀ ಕಾಳನ್ನು ಎಂಟರಿಂದ ಹತ್ತು ತಾಸು ನೆನೆಸಿ, ನೆನೆಸುವ ನೀರಿಗೆ ಲೀಟರಿಗೆ ಒಂದು ದೊಡ್ಡ ಚಮಚ ಉಪ್ಪು ಹಾಕಿ. ಉಪ್ಪಿನ ಸೋಡಿಯಂ ಸಿಪ್ಪೆಯ ಕ್ಯಾಲ್ಸಿಯಮನ್ನು ಒಂದಿಷ್ಟು ಹೊರತಳ್ಳುತ್ತದೆ, ಸಿಪ್ಪೆ ಬೇಗ ಮೆದುವಾಗುತ್ತದೆ. ಆ ನೀರು ಚೆಲ್ಲಿ, ಹೊಸ ನೀರಲ್ಲಿ ಬೇಯಿಸಿ. ಹುಣಸೆಹುಳಿ, ಟೊಮೆಟೊ, ಪುಂಡಿ ಸೊಪ್ಪು ಏನಿದ್ದರೂ ಕಾಳು ಪೂರ್ತಿ ಬೆಂದ ಮೇಲೆ, ಹುಳಿ ಮೊದಲೇ ಬಿದ್ದರೆ ಬೇಯುವುದು ಅಲ್ಲಿಗೇ ನಿಲ್ಲುತ್ತದೆ. ಸೋಡಾ ಹಾಕಿದರೆ ಬೇಗ ಬೇಯುವುದು ಖರೆ, ಆದರೆ ಬಿ1 ಜೀವಸತ್ವ ನಾಶವಾಗುತ್ತದೆ. ದಿನಾ ಮಾಡುವ ರೂಢಿ ಬೇಡ.

ಮೊಳಕೆ ಕಟ್ಟುವಾಗ ಕೆಡುವುದು ನೀರು ನಿಂತಾಗ. ನೆನೆದ ಕಾಳನ್ನು ಪೂರ್ತಿ ಬಸಿದು, ಒದ್ದೆ ಹಿಂಡಿದ ಬಿಳಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ ತೂಗುಹಾಕಿದರೆ ಬೇಸಿಗೆಯಲ್ಲಿ 12 ತಾಸಿಗೇ ಮೊಳಕೆ ಇಣುಕುತ್ತದೆ, ಚಳಿಗಾಲದಲ್ಲಿ ಒಂದು ದಿನ ಬೇಕು. ಡಬ್ಬಿಯಲ್ಲಿ ಹಾಕಿ ಮುಚ್ಚಿದರೆ ತಳದ ಕಾಳು ಲೋಳೆಯಾಗಿ ಹುಳಿವಾಸನೆ ಹೊಡೆಯುತ್ತದೆ. ಆ ವಾಸನೆ ಬಂದರೆ ತೊಳೆದು ಬಳಸಲು ಹೋಗಬೇಡಿ, ಚೆಲ್ಲಿ. ಮೊಳಕೆ ಬಂದದ್ದನ್ನು ಹಸಿಯಾಗಿ ತಿನ್ನುವುದಕ್ಕಿಂತ ಬೇಯಿಸಿ ತಿನ್ನುವುದು ಸುರಕ್ಷಿತ, ಜೀರ್ಣಕ್ಕೂ ಒಳ್ಳೆಯದು.

ಕಾಳು ತಿಂದರೆ ವಾಯು ಆಗುತ್ತದೆ ಅಂತ ಹಿರಿಯರು ದೂರ ಸರಿಸುತ್ತಾರೆ. ನಮ್ಮ ಸಣ್ಣಕರುಳಿಗೆ ಒಡೆಯಲು ಬಾರದ ಕೆಲವು ಸಕ್ಕರೆಗಳು ದೊಡ್ಡಕರುಳಿಗೆ ಹೋಗಿ, ಅಲ್ಲಿನ ಸೂಕ್ಷ್ಮಜೀವಿಗಳು ಅವನ್ನು ಹುದುಗಿಸುವುದರಿಂದ ಗಾಳಿ ಹುಟ್ಟುತ್ತದೆ. ನೆನೆಸಿದ ನೀರು ಚೆಲ್ಲಿದರೆ, ಮೊಳಕೆ ಕಟ್ಟಿದರೆ ಇವು ಕಡಿಮೆಯಾಗುತ್ತವೆ. ಎಷ್ಟೋ ದಿನ ಕಾಳು ಬಿಟ್ಟವರು ಒಮ್ಮೆಲೆ ಒಂದು ವಾಟಗ ತಿಂದರೆ ತ್ರಾಸು ಖಂಡಿತ. ಎರಡು ಚಮಚದಿಂದ ಶುರು ಮಾಡಿ, ಮೂರು ನಾಲ್ಕು ವಾರದಲ್ಲಿ ವಾಟಗಕ್ಕೆ ಬನ್ನಿ. ಅದೂ ಆಗದವರಿಗೆ ಹೆಸರುಬೇಳೆ ಇದೆ, ಎಲ್ಲಕ್ಕಿಂತ ಸೌಮ್ಯ. ಆತುರವಿದ್ದ ದಿನಕ್ಕೆ ಝುಣಕ ಇದೆ, ನೆನೆಸುವ ಗೋಜಿಲ್ಲ. ತಲೆಗೆ 40 ಗ್ರಾಂ ಕಡಲೆಹಿಟ್ಟು ಹಿಡಿದರೆ ಎಂಟೂವರೆ ಗ್ರಾಂ ಪ್ರೋಟೀನ್, ಹದಿನೈದು ನಿಮಿಷದ ಕೆಲಸ. ಗಂಟಾಗದಿರಲು ಹಿಟ್ಟನ್ನು ಮೊದಲು ತಣ್ಣೀರಲ್ಲಿ ಕಲಸಿ ಸುರಿಯಬೇಕು, ಹಸಿವಾಸನೆ ಹೋಗುವ ತನಕ ಮುಚ್ಚಿ ಬೇಯಿಸಬೇಕು. ಎಣ್ಣೆ ಎರಡು ಚಮಚ ಸಾಕು.

ತತ್ತಿಯ ಮಾತೂ ಇಲ್ಲೇ ಮುಗಿಸುತ್ತೇನೆ. 2021ರ ಡಿಸೆಂಬರಿನಲ್ಲಿ ವಿಜಯಪುರವೂ ಸೇರಿದಂತೆ ಉತ್ತರದ ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರು ಮಾಡಿದಾಗ ವಿರೋಧ ಬಂತು, ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಟ್ಟರು. ತಿನ್ನುವುದು ಬಿಡುವುದು ಅವರವರ ಮನೆಯ ವಿಚಾರ, ಅದನ್ನು ಗೌರವಿಸಬೇಕು. ಆದರೆ ಒಂದು ತತ್ತಿಯಲ್ಲಿ 6 ಗ್ರಾಂ ಅತ್ಯುತ್ತಮ ಪ್ರೋಟೀನ್ ಇದೆ, ಒಂದು ಬಾಳೆಹಣ್ಣಿನಲ್ಲಿ 1 ಗ್ರಾಂ ಮಾತ್ರ. ತತ್ತಿ ತಿನ್ನದ ಮಗುವಿಗೆ ಸರಿಸಮನಾದ ಬದಲಿ ಅಂದರೆ ಒಂದು ಲೋಟ ಹಾಲು ಇಲ್ಲವೆ ಒಂದು ವಾಟಗ ಬೆಂದ ಕಾಳು.

ಎಣ್ಣೆ, ಬೆಲ್ಲ

ಕೊಬ್ಬಿಗೆ ಹೆದರುವುದು ಬೇಡ. ಸೊಪ್ಪಿನ, ಗಜ್ಜರಿಯ ಎ ಜೀವಸತ್ವದ ಅಂಶ ಮೈಗೆ ಹತ್ತಲು ಅದು ಬೇಕು. ಎಷ್ಟು ಅನ್ನುವುದಕ್ಕೆ ಕಿರಾಣಿ ಚೀಟಿಯೇ ಸಾಕ್ಷಿ. ಒಂದು ಲೀಟರ್ ಎಣ್ಣೆ ಸುಮಾರು 915 ಗ್ರಾಂ ತೂಗುತ್ತದೆ. ನಾಲ್ಕು ಮಂದಿಯ ಮನೆಗೆ ತಿಂಗಳಿಗೆ 4 ಲೀಟರ್ ಬಂದರೆ ತಲೆಗೆ ದಿನಕ್ಕೆ 30 ಗ್ರಾಂ. 2,000 ಕ್ಯಾಲರಿಯ ಊಟಕ್ಕೆ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರ ಮಾರ್ಗಸೂಚಿಯಲ್ಲಿ ಹೇಳಿದ್ದು 27 ಗ್ರಾಂ. ಅದೇ ಮನೆಗೆ 6 ಲೀಟರ್ ಬರುತ್ತಿದ್ದರೆ ದಿನಕ್ಕೆ 46 ಗ್ರಾಂ, ಹೊರಗಿನ ಮಿರ್ಚಿ, ಭಜಿ, ಫರಸಾಣ ಬಿಟ್ಟು. ಮಿರ್ಚಿ ಕರಿಯುವಾಗ ಎಣ್ಣೆ ಸರಿಯಾಗಿ ಕಾಯದಿದ್ದರೆ, ಹಿಟ್ಟಿಗೆ ಸೋಡಾ ಹೆಚ್ಚಾದರೆ ಅದು ಎಣ್ಣೆ ಕುಡಿಯುತ್ತದೆ. 170–180 ಡಿಗ್ರಿ ಇದ್ದಾಗ ಹಿಟ್ಟಿನ ಹನಿ ಬಿಟ್ಟರೆ ಕೂಡಲೇ ಮೇಲೇಳಬೇಕು.

ಯಾವ ಎಣ್ಣೆ ಅನ್ನುವುದಕ್ಕಿಂತ ಒಮೆಗಾ-6, ಒಮೆಗಾ-3 ಎಂಬ ಎರಡು ಬಗೆಯ ಕೊಬ್ಬಿನ ಸಮತೋಲ ಮುಖ್ಯ. ನಮ್ಮ ಕಡೆ ಹಿಂದಿನಿಂದ ಬಂದ ಕುಸುಬಿ ಎಣ್ಣೆಯಲ್ಲಿ ಮುಕ್ಕಾಲು ಭಾಗ ಲಿನೋಲಿಕ್ ಆಮ್ಲ, ಅಂದರೆ ಒಮೆಗಾ-6. ಗುರೆಳ್ಳಿನಲ್ಲೂ ಸೂರ್ಯಕಾಂತಿಯಲ್ಲೂ ಅದೇ ಪ್ರಧಾನ. ಒಮೆಗಾ-3 ಬರುವುದು ಅಗಸಿಯಿಂದ, ಅದರ ಎಣ್ಣೆಯಲ್ಲಿ ಅರ್ಧ ಭಾಗ ಅದೇ. ದಿನಕ್ಕೆ 10 ಗ್ರಾಂ, ಎರಡು ಸಣ್ಣ ಚಮಚ ಅಗಸಿ ಚಟ್ನಿ ಸಾಕು. ಪುಡಿ ಮಾಡಲೇಬೇಕು, ಇಡೀ ಕಾಳು ಸಿಪ್ಪೆ ಸಮೇತ ಹಾಗೇ ಹೊರಗೆ ಹೋಗುತ್ತದೆ. ಸಣ್ಣ ಉರಿಯಲ್ಲಿ ಚಟಪಟ ಅನ್ನುವಷ್ಟೇ ಹುರಿದು, ಹದಿನೈದು ದಿನಕ್ಕಾಗುವಷ್ಟು ಮಾತ್ರ ಕುಟ್ಟಿ, ಬಿಗಿಮುಚ್ಚಳದ ಡಬ್ಬಿಯಲ್ಲಿ ಬೆಳಕು ಬೀಳದ ಕಡೆ ಇಡಿ. ಕಮಟು ವಾಸನೆ ಬಂದರೆ ಎಣ್ಣೆ ಕೆಟ್ಟಿದೆ ಅಂತ ತಿಳಿಯಿರಿ.

ಸಕ್ಕರೆಯ ಲೆಕ್ಕ ಸಣ್ಣದು. ಚಾಕ್ಕೆ ಎರಡು ಚಮಚದಂತೆ ದಿನಕ್ಕೆ ಐದು ಚಾ ಕುಡಿದರೆ 50 ಗ್ರಾಂ ಸಕ್ಕರೆ, 200 ಕ್ಯಾಲರಿ, ಒಂದು ರೊಟ್ಟಿಗಿಂತ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮೇಲ್ಮಿತಿ ಅಷ್ಟರಲ್ಲೇ ಮುಗಿಯಿತು. ಮಹಾಲಿಂಗಪುರದ ಬೆಲ್ಲಕ್ಕೆ ರುಚಿ ಇದೆ, ಒಂದಿಷ್ಟು ಖನಿಜ ಇದೆ, ಆದರೆ 100 ಗ್ರಾಮಿಗೆ 85 ಗ್ರಾಂ ಸಕ್ಕರೆಯೇ. ಶುಗರ್ ಇದ್ದವರಿಗೆ ಬೆಲ್ಲದ ಚಾ ರಿಯಾಯಿತಿ ಅಲ್ಲ. ಅಮೀನಗಡದ, ಗೋಕಾಕದ ಕರದಂಟು ಅಂಟು, ತುಪ್ಪ, ಒಣಹಣ್ಣು, ಬೆಲ್ಲ ಕೂಡಿದ ಗಟ್ಟಿ ಶಕ್ತಿಯ ತಿನಿಸು. ಮೈ ಬಳಲಿದವರಿಗೆ ಚಲೋ. ಕೂತು ಕೆಲಸ ಮಾಡುವವರು ಊಟ ಆದ ಮೇಲೆ ಎರಡು ತುಂಡು ತಿಂದರೆ ಅದನ್ನೊಂದು ತಿಂಡಿ ಅಂತಲೇ ಎಣಿಸಬೇಕು.

ಶುಗರ್ ಇದ್ದವರ ತಾಟು, ಹಲ್ಲಿಲ್ಲದವರ ತಾಟು

ಮದುವೆ ಪಂಕ್ತಿಯ ಆ ಹಿರಿಯರಿಗೆ ಹೇಳಬೇಕಾದದ್ದು ಹೀಗೆ: ರೊಟ್ಟಿ ಎರಡಕ್ಕೆ ನಿಲ್ಲಿಸ್ರಿ, ಕಾಳಿನ ಪಲ್ಯ ಎರಡು ವಾಟಗ ಹಾಕಿಸಿಕೊಳ್ರಿ. ಊಟ ಶುರು ಮಾಡುವಾಗ ಹಸಿ ಸೊಪ್ಪು, ಉಳ್ಳಾಗಡ್ಡಿ, ಕಾಳು ಮೊದಲು ತಿಂದು ಆಮೇಲೆ ರೊಟ್ಟಿಗೆ ಕೈ ಹಚ್ಚಿದರೆ ಊಟದ ನಂತರದ ಸಕ್ಕರೆ ಅಷ್ಟು ಮೇಲೇರುವುದಿಲ್ಲ. ನಾರು ಮತ್ತು ಪ್ರೋಟೀನ್ ಮೊದಲು ಹೊಟ್ಟೆ ಸೇರಿದರೆ ಪಿಷ್ಟ ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ. ಗಿರಣಿಯಲ್ಲಿ ಹಿಟ್ಟು ನುಣ್ಣಗೆ ಬೀಸಿಸಿ ಜರಡಿ ಹಿಡಿದರೆ ಜೋಳದ ನಾರು ಜರಡಿಯಲ್ಲೇ ಉಳಿಯಿತು, ಹಾಗೆ ಮಾಡಬೇಡಿ. ಕಿಡ್ನಿ ತೊಂದರೆ ಇರುವವರು ಮಾತ್ರ ಪ್ರೋಟೀನ್ ಹೆಚ್ಚಿಸುವ ಮುಂಚೆ ತಮ್ಮ ಡಾಕ್ಟರನ್ನೇ ಕೇಳಬೇಕು, ಅವರ ಲೆಕ್ಕ ಬೇರೆ.

ಹಲ್ಲು ಹೋದ ಹಿರಿಯರದು ಇನ್ನೊಂದು ಸಂಕಟ. ರೊಟ್ಟಿ ಅಗಿಯಲು ಬಾರದೆ ಅನ್ನ-ಸಾರು, ಚಾ-ಟೋಸ್ಟಿಗೆ ಬಂದು ನಿಲ್ಲುತ್ತಾರೆ. ಆ ವಯಸ್ಸಿನಲ್ಲಿ ತೊಡೆ, ತೋಳಿನ ಮಾಂಸ ಬೇಗ ಕರಗುತ್ತದೆ, ಎದ್ದು ಕೂಡುವುದೇ ಕಷ್ಟವಾಗುತ್ತದೆ. ಅವರಿಗೆ ಜೋಳದ ನುಚ್ಚು ಒಳ್ಳೆಯದು, ಬೇಳೆ ಕೂಡಿಸಿ ಮಾಡಬೇಕು. 60 ಗ್ರಾಂ ಜೋಳದ ನುಚ್ಚು, 20 ಗ್ರಾಂ ಹೆಸರುಬೇಳೆ, ಎರಡನ್ನೂ ತೊಳೆದು ಅರ್ಧ ತಾಸು ನೆನೆ ಇಡಿ. ಅಳತೆಗೆ ಐದು ಪಟ್ಟು ನೀರು, ಉಪ್ಪು, ಚಿಟಿಕೆ ಅರಿಷಿಣ ಹಾಕಿ ಕುಕ್ಕರಿನಲ್ಲಿ ಐದು ಸೀಟಿ, ಆಮೇಲೆ ಸಣ್ಣ ಉರಿಯಲ್ಲಿ ಐದು ನಿಮಿಷ. ಆರಿದಂತೆ ಗಟ್ಟಿಯಾಗುತ್ತದೆ, ಬಿಸಿನೀರು ಬೆರೆಸಿ ಹದಕ್ಕೆ ತನ್ನಿ. ಮೇಲೆ ಒಂದು ಚಮಚ ತುಪ್ಪ ಅಥವಾ ಕುಸುಬಿ ಎಣ್ಣೆಯಲ್ಲಿ ಜೀರಿಗೆ-ಬೆಳ್ಳುಳ್ಳಿ ಒಗ್ಗರಣೆ, ಮಗ್ಗುಲಿಗೆ 150 ಗ್ರಾಂ ಗಟ್ಟಿ ಮೊಸರು. ಎಲ್ಲ ಸೇರಿ ಪ್ರೋಟೀನ್ 15 ಗ್ರಾಂ ಬರುತ್ತದೆ. ಮೊಸರಿನ ಬದಲು ನೀರು ಮಜ್ಜಿಗೆ ಕೊಟ್ಟರೆ 12ಕ್ಕೆ ಇಳಿಯುತ್ತದೆ, ಹಾಗಾಗಿ ರಾತ್ರಿ ಮೊಸರು ಬೇಡ ಎನ್ನುವ ಅಜ್ಜನಿಗೆ ಇದನ್ನು ಮಧ್ಯಾಹ್ನವೇ ಬಡಿಸಿ, ರಾತ್ರಿಗೆ ಅದೇ ನುಚ್ಚಿನಲ್ಲಿ ಬೇಳೆಯನ್ನು 35 ಗ್ರಾಮಿಗೆ ಏರಿಸಿ.